ಮನೆಯೊಳಗಿನ ಗಣಿ

‘ಗಣಿ’ ಎಂಬುದು ಸಂಸ್ಕೃತದ ‘ಖನಿ’ ಶಬ್ದದ ತದ್ಭವ. ‘ಗಣಿಸು’ ಎಂಬ ಕ್ರಿಯಾಪದಕ್ಕೂ ಅದಕ್ಕೂ ರೂಪದಲ್ಲಿ ಹೋಲಿಕೆಯಿದ್ದರೂ ಕುಲದಲ್ಲಿ ಸಂಬಂಧವಿಲ್ಲ. ಗಣಿಸುವುದೆಂದರೆ ಎಣಿಸುವುದು, ಗಣಕ ಗಣಿತಗಳು ಹುಟ್ಟಿದ ಮನೆಯೇ ಅದರ ತವರು. ನೆಲವನ್ನು ಅಗೆಯುವವನಿಗೂ ಲೆಕ್ಕವನ್ನು ಎಣಿಸುವವನಿಗೂ ಭಾಷೆಯಲ್ಲಿ ಇಲ್ಲದಿದ್ದ ನಂಟಸ್ತನವನ್ನು ಲೋಕವ್ಯವಹಾರವು ಈಚೆಗೆ ಕೂಡಿಸಿಕೊಟ್ಟಿದೆ. ಗಣಕಯಂತ್ರವೊಂದನ್ನು ಮನೆಯ ಮೂಲೆಯಲ್ಲಿಟ್ಟು, ಹಗಲಿರುಳೂ ಅದರಿಂದ ಲೆಕ್ಕ ಮಾಡಿಸಿ, ಆ ಲೆಕ್ಕದ ಕೂಲಿಯಾಗಿ ಕಣ್ಣಿಗೆ ಕಾಣದ ನಾಣ್ಯವನ್ನು ಸಂಪಾದಿಸುವ ಉದ್ಯೋಗವನ್ನು ಇಂಗ್ಲಿಷಿನವರು ‘ಮೈನಿಂಗ್’ ಎಂದರು. ನಮ್ಮ ಪತ್ರಿಕೆಗಳೂ ಅದನ್ನು ‘ಗಣಿಗಾರಿಕೆ’ ಎಂದೇ ಕರೆದವು. ಎಣಿಸುವುದು ಹೀಗೆ ಅಗೆಯುವುದಾಯಿತು.

ವಾಚಕರೊಬ್ಬರು ಕಾಗದ ಬರೆದಿದ್ದಾರೆ. ಇಂಜಿನಿಯರಿಂಗ್ ಓದುತ್ತಿರುವ ಅವರ ಮಗನಿಗೆ, ಗ್ರಾಫಿಕ್ಸ್ ಕಾರ್ಡುಗಳನ್ನು ಸಾಲಾಗಿ ಜೋಡಿಸಿದ ಇಂಥದೊಂದು ಯಂತ್ರವನ್ನು ಮನೆಯಲ್ಲಿ ಕಟ್ಟಬೇಕೆಂಬ ಹಂಬಲ ಹುಟ್ಟಿದೆಯಂತೆ. ಭವಿಷ್ಯನಿಧಿಯಿಂದ ಹಣ ತೆಗೆದು ಕೊಡಬಹುದೇ ಎಂದು ಅವರ ಪ್ರಶ್ನೆ. ಬೇಡವೆಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಮಗನಿಗೆ ಅಸಮಾಧಾನವೂ ತಂದೆಗೆ ಅನುಮಾನವೂ ಉಳಿದಾವು. ಆದುದರಿಂದ ಈ ಮನೆಗಣಿಯ ಚರಿತ್ರೆಯನ್ನೇ ಸ್ವಲ್ಪ ವಿಸ್ತಾರವಾಗಿ ಹೇಳುವುದು ಮೇಲು. ಕನ್ನಡ ಪಾಠ ಹೇಳುವವನಿಗೆ ಇದರ ಗೊಡವೆ ಏಕೆ ಎನ್ನುವವರೂ ಇದ್ದಾರು. ನಮ್ಮ ಬೀದಿಯಲ್ಲೇ ಅಂಥದೊಂದು ಗಣಿ ತೆರೆದು ಮುಚ್ಚಿದ್ದನ್ನು ಮೊದಲ ತಿರುಪಿನಿಂದ ಕೊನೆಯ ತಿರುಪಿನವರೆಗೆ ಕಂಡಿದ್ದೇನೆ. ಉಳಿದುದು ಬರಿಯ ತ್ರೈರಾಶಿಕ.

ಮೊದಲಿಗೆ, ಈ ಯಂತ್ರ ಎಣಿಸುವುದಾದರೂ ಏನನ್ನು? ಸಾಮಾನ್ಯವಾಗಿ ಹಣದ ಲೆಕ್ಕವನ್ನು ಬ್ಯಾಂಕು ಇಡುತ್ತದೆ. ಯಾರು ಯಾರಿಗೆ ಎಷ್ಟು ಕೊಟ್ಟರೆಂಬುದಕ್ಕೆ ಅದರ ಖಾತೆಪುಸ್ತಕವೇ ಪ್ರಮಾಣ. 2008ರ ಅಕ್ಟೋಬರ್ 31ರಂದು ಸತೋಷಿ ನಕಾಮೊಟೊ ಎಂಬ ಹೆಸರಿನಲ್ಲಿ—ಆ ಹೆಸರಿನ ಹಿಂದಿರುವವರು ಯಾರೆಂಬುದು ಇಂದಿಗೂ ಸಿದ್ಧಪಟ್ಟಿಲ್ಲ—ಒಂಬತ್ತು ಪುಟಗಳ ಪ್ರಬಂಧವೊಂದು ಹೊರಬಿದ್ದಿತು. ಬ್ಯಾಂಕೇ ಇಲ್ಲದೆ, ಒಂದೇ ಖಾತೆಪುಸ್ತಕದ ಪ್ರತಿಗಳನ್ನು ಸಾವಿರಾರು ಮಂದಿ ತಮ್ಮ ತಮ್ಮ ಗಣಕಗಳಲ್ಲಿ ಇಟ್ಟುಕೊಂಡು ಹಣದ ವ್ಯವಹಾರ ನಡೆಸುವುದು ಹೇಗೆಂಬುದು ಅದರ ವಿಷಯ. 2009ರ ಜನವರಿ 3ರಂದು ಆ ಪುಸ್ತಕದ ಮೊದಲ ಪುಟ ಬರೆದದ್ದಾಯಿತು. ನಾಣ್ಯದ ಹೆಸರು ಬಿಟ್‌ಕಾಯಿನ್.

ಎಲ್ಲರ ಕೈಯಲ್ಲೂ ಪುಸ್ತಕವಿದ್ದ ಮೇಲೆ ಹೊಸ ಪುಟವನ್ನು ಬರೆಯುವ ಹಕ್ಕು ಯಾರದು? ಗಣಿಗಾರಿಕೆ ಬರುವುದು ಇಲ್ಲಿಯೇ. ಪುಟದ ಬರವಣಿಗೆಗೆ ಯಾವುದಾದರೊಂದು ಸಂಖ್ಯೆಯನ್ನು ಸೇರಿಸಿ, ಎರಡನ್ನೂ ಒಂದು ಗಣಿತಸೂತ್ರವೆಂಬ ಬೀಸುವ ಕಲ್ಲಿಗೆ ಹಾಕಬೇಕು. ಹೊರಗೆ ಬೀಳುವ ಹಿಟ್ಟೂ ಒಂದು ಸಂಖ್ಯೆಯೇ. ಹಿಟ್ಟನ್ನು ನೋಡಿ ಕಾಳು ಯಾವುದೆಂದು ಹೇಳಲು ಬಾರದು. ಕಾಳಿನಲ್ಲಿ ಒಂದು ಅಕ್ಷರ ಬದಲಾದರೂ ಹಿಟ್ಟು ಪೂರ್ತಿ ಬೇರೆ. ಆ ಹಿಟ್ಟಿನ ಸಂಖ್ಯೆ ಗೊತ್ತುಮಾಡಿದ ಮಿತಿಗಿಂತ ಚಿಕ್ಕದಾಗಿ ಬಂದರೆ ಮಾತ್ರ ಪುಟ ಸಿಂಧು. ಅಂಥ ಸಂಖ್ಯೆಯನ್ನು ಕಂಡುಹಿಡಿಯಲು ಜಾಣತನ ನೆರವಿಗೆ ಬಾರದು. ಒಂದು ಆಗದಿದ್ದರೆ ಇನ್ನೊಂದು, ಅದೂ ಆಗದಿದ್ದರೆ ಮತ್ತೊಂದು ಎಂದು ಬೀಸುತ್ತಲೇ ಇರಬೇಕು. ಮೊದಲು ಕಂಡವನು ಪುಟ ಬರೆಯುತ್ತಾನೆ, ಹೊಸದಾಗಿ ಹುಟ್ಟುವ ನಾಣ್ಯಗಳನ್ನು ಸಂಭಾವನೆಯಾಗಿ ಪಡೆಯುತ್ತಾನೆ. ಸೋತವರಿಗೆ ಏನೂ ಇಲ್ಲ. ಅವರು ಸುಟ್ಟ ವಿದ್ಯುತ್ತು ಸುಟ್ಟಂತೆಯೇ. ಸುಳ್ಳು ಪುಟ ಬರೆಯಬೇಕೆನ್ನುವವನೂ ಉಳಿದವರೆಲ್ಲರನ್ನು ಮೀರಿಸುವಷ್ಟು ವಿದ್ಯುತ್ತನ್ನು ಸುಡಬೇಕಾದುದರಿಂದ ಮೋಸ ದುಬಾರಿಯಾಗುತ್ತದೆ. ಈ ದಂಡದ ದುಡಿಮೆಗೆ ಇರುವ ಸಮರ್ಥನೆ ಅದೊಂದೇ; ಆದರೆ ಅದು ಅಲ್ಲಗಳೆಯುವಂಥದಲ್ಲ.

ಇನ್ನು ಗ್ರಾಫಿಕ್ಸ್ ಕಾರ್ಡಿನ ಮಾತು. ಗಣಕದ ಮುಖ್ಯ ಪ್ರೊಸೆಸರು ಒಬ್ಬ ಘನಪಾಠಿ ಇದ್ದಂತೆ. ಎಂಥ ಕಠಿನ ಪ್ರಶ್ನೆಯನ್ನೂ ಬಿಡಿಸಬಲ್ಲ, ಆದರೆ ಅವನ ಬಳಗ ಚಿಕ್ಕದು. ಆಟಗಳ ಚಿತ್ರಗಳನ್ನು ತೆರೆಯ ಮೇಲೆ ಮೂಡಿಸುವುದಕ್ಕೆಂದು ಮಾಡಿದ ಕಾರ್ಡಾದರೋ ಒಂದನೆಯ ತರಗತಿಯ ಮಕ್ಕಳ ಸಾಲು. ಒಬ್ಬೊಬ್ಬನಿಗೂ ಮಗ್ಗಿಯಷ್ಟೇ ಗೊತ್ತು, ಆದರೆ ಸಾವಿರಾರು ಮಂದಿ ಒಕ್ಕೊರಲಿನಿಂದ ಒಪ್ಪಿಸುತ್ತಾರೆ. ಎನ್‌ವಿಡಿಯಾ ಕಂಪೆನಿಯ ‘ಆರ್‌ಟಿಎಕ್ಸ್ 3060 ಟಿಐ’ ಎಂಬ ಕಾರ್ಡಿನಲ್ಲಿ ಇಂಥ ಮಕ್ಕಳ ಸಂಖ್ಯೆ 4,864. ಬೀಸುವ ಕೆಲಸಕ್ಕೆ ಬೇಕಾದವರು ಇವರೇ ಅಲ್ಲವೇ?

ಇದನ್ನು ಮೊದಮೊದಲು ಕಂಡುಕೊಂಡವರಲ್ಲಿ ಅಮೆರಿಕದ ಫ್ಲಾರಿಡಾದ ಲಾಸ್ಲೊ ಹಾನ್ಯೆಟ್ಸ್ ಒಬ್ಬರು. 2010ರ ಮೇ 22ರಂದು 10,000 ಬಿಟ್‌ಕಾಯಿನ್ ತೆತ್ತು ಎರಡು ಪೀಟ್ಸಾ ತರಿಸಿಕೊಂಡು ಹೆಸರಾದವರೂ ಇವರೇ. ಆದರೆ 2013ರ ಹೊತ್ತಿಗೆ ಬಿಟ್‌ಕಾಯಿನ್ ಲೆಕ್ಕವೊಂದಕ್ಕೇ ಮೀಸಲಾದ ‘ಏಸಿಕ್’ ಯಂತ್ರಗಳು ಬಂದವು. ಅವುಗಳ ಮುಂದೆ ಕಾರ್ಡುಗಳು ನಿಲ್ಲಲಾರದೆ ಆ ಗಣಿಯಿಂದ ಹೊರಬಿದ್ದವು.

ಮನೆಗಣಿಗೆ ಮರುಜೀವ ಬಂದದ್ದು 2015ರ ಜುಲೈ 30ರಂದು, ಇಥೀರಿಯಂ ಎಂಬ ಜಾಲ ಆರಂಭವಾದಾಗ. ರಷ್ಯಾದಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ವಿಟಾಲಿಕ್ ಬ್ಯುಟೆರಿನ್ 2013ರಲ್ಲಿ, ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಇದರ ಕಲ್ಪನೆಯನ್ನು ಮುಂದಿಟ್ಟಿದ್ದರು. ಇದರ ನಾಣ್ಯ ಈಥರ್. ಇಲ್ಲಿ ಬೀಸುವ ಸೂತ್ರವನ್ನು ಬೇಕೆಂದೇ ಬೇರೆ ಬಗೆಯಾಗಿ ಮಾಡಿದ್ದರು: ಪ್ರತಿ ಸಲ ಬೀಸುವಾಗಲೂ ಒಂದು ಭಾರೀ ಕೋಷ್ಟಕದ ಅಲ್ಲಲ್ಲಿನ ಪುಟಗಳನ್ನು ತೆರೆದು ನೋಡಬೇಕು, ಆ ಕೋಷ್ಟಕ ಇಡಿಯಾಗಿ ಕಾರ್ಡಿನ ಸ್ಮೃತಿಯಲ್ಲಿಯೇ ಇರಬೇಕು. ಶೀಘ್ರವಾಗಿ ಓದಬಲ್ಲ ದೊಡ್ಡ ಸ್ಮೃತಿ ಗ್ರಾಫಿಕ್ಸ್ ಕಾರ್ಡಿಗೆ ಹುಟ್ಟಿನಿಂದಲೇ ಬಂದ ಗುಣವಾದುದರಿಂದ, ವಿಶೇಷ ಯಂತ್ರಗಳ ಅಬ್ಬರದ ನಡುವೆಯೂ ಸಾಮಾನ್ಯನ ಕಾರ್ಡಿಗೆ ಪಂಕ್ತಿಯಲ್ಲಿ ಒಂದು ಎಲೆ ಉಳಿಯಿತು. ಆ ಕೋಷ್ಟಕ ದಿನ ಕಳೆದಂತೆ ಬೆಳೆಯುವ ಜಾತಿಯದು. ಆರಂಭದಲ್ಲಿ 1 ಜಿಬಿಯಷ್ಟಿದ್ದದ್ದು 2020ರ ಕೊನೆಗೆ 4 ಜಿಬಿಯ ಕಾರ್ಡುಗಳಲ್ಲಿ ಹಿಡಿಸದಷ್ಟಾಯಿತು. ಆ ಕಾರ್ಡುಗಳನ್ನು ನೆಚ್ಚಿದ್ದವರು ಅಂದಿಗೇ ಎಲೆ ಮಡಿಸಿ ಏಳಬೇಕಾಯಿತು.

ನಮ್ಮ ಬೀದಿಯ ರಾಯರು ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು. ಮಗ ಸಾಫ್ಟ್‌ವೇರ್ ಉದ್ಯೋಗಿ, ಕೊರೋನಾದ ಕಾಲದಿಂದ ಮನೆಯಲ್ಲೇ ಕುಳಿತು ಕೆಲಸ ಮಾಡುತ್ತಿದ್ದವನು. ಮಗಳು ಪದವಿಯ ಕೊನೆಯ ವರ್ಷದಲ್ಲಿದ್ದಳು. 2021ರ ನವೆಂಬರಿನಲ್ಲಿ ಒಂದು ಈಥರಿನ ಬೆಲೆ ಸುಮಾರು 4,800 ಡಾಲರಿಗೆ ಏರಿತ್ತು. ಅದೇ ವರ್ಷದ ಆರಂಭದಲ್ಲಿ ಅದು ಸಾವಿರ ಡಾಲರಿನೊಳಗೆ ಇತ್ತು. ಡಿಸೆಂಬರಿನ ಒಂದು ಸಂಜೆ ರಾಯರು ಮಗನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು.

“ಮೇಷ್ಟ್ರೇ, ಇವನು ಹೇಳೋದನ್ನ ಸ್ವಲ್ಪ ಕೇಳಿ. ವರ್ಷದೊಳಗೆ ಅಸಲು ವಾಪಸು ಬರುತ್ತಂತೆ. ಮಗಳ ಓದಿಗೆ ಅಂತ ಇಟ್ಟ ಠೇವಣಿ ಇದೆ. ಮುರಿಸಲಾ?”

“ಮುರಿಸೋದು ಅಲ್ಲ ಸಾರ್,” ಎಂದ ಮಗ. “ಬ್ಯಾಂಕಿನಲ್ಲಿ ಐದೂವರೆ ಪರ್ಸೆಂಟಿಗೆ ಮಲಗಿರೋ ದುಡ್ಡು. ಒಂದು ವರ್ಷ ಕೆಲಸಕ್ಕೆ ಹಚ್ಚಿ, ಅವಳು ಎಂಎಸ್ಸಿಗೆ ಸೇರೋ ಹೊತ್ತಿಗೆ ಹಾಗೇ ತಂದು ಇಡ್ತೀನಿ.”

ಹುಡುಗ ಲೆಕ್ಕ ತಂದಿದ್ದ. ಅಚ್ಚುಕಟ್ಟಾದ ಲೆಕ್ಕ. ಆರು ಕಾರ್ಡುಗಳು, ಒಂದೊಂದೂ ಸೆಕೆಂಡಿಗೆ ಸುಮಾರು 6 ಕೋಟಿ ಸಲ ಬೀಸಬಲ್ಲುದು, ಆರೂ ಸೇರಿ 36 ಕೋಟಿ. ಆಗ ಇಡೀ ಜಗತ್ತಿನ ಇಥೀರಿಯಂ ಗಣಿಗಳೆಲ್ಲ ಕೂಡಿ ಸೆಕೆಂಡಿಗೆ ಬೀಸುತ್ತಿದ್ದುದು ಸುಮಾರು 9 ಕೋಟಿ ಕೋಟಿ ಸಲ—ಕೋಟಿಯ ಮೇಲೊಂದು ಕೋಟಿ, ಅಚ್ಚಿನ ದೋಷವಲ್ಲ. ಎಂದರೆ ಒಂದು ಕೋಟಿ ನಾಣ್ಯದಲ್ಲಿ ಈ ಮನೆಯ ಪಾಲು ನಾಲ್ಕು. ಹದಿಮೂರು ಹದಿನಾಲ್ಕು ಸೆಕೆಂಡಿಗೊಂದರಂತೆ ದಿನಕ್ಕೆ ಸುಮಾರು 6,400 ಪುಟಗಳು. ಪುಟಕ್ಕೆ 2 ಈಥರಿನಂತೆ ದಿನಕ್ಕೆ 12,800 ಈಥರ್. ಅದರಲ್ಲಿ ಕೋಟಿಗೆ ನಾಲ್ಕರ ಪಾಲು ಎಂದರೆ 0.005 ಈಥರಿಗೆ ತುಸು ಮೇಲು. ಈಥರಿಗೆ 3 ಲಕ್ಷ ರೂಪಾಯಿಯಂತೆ ದಿನಕ್ಕೆ 1,500 ರೂಪಾಯಿ, ತಿಂಗಳಿಗೆ 45 ಸಾವಿರ.

ಒಬ್ಬಂಟಿಯಾಗಿ ಬೀಸಿದರೆ ಈ ಪಾಲು ಹೀಗೆ ದಿನದಿನವೂ ಕೈಸೇರದು. ಇಪ್ಪತ್ತೈದು ಲಕ್ಷ ಪುಟಗಳಿಗೆ ಒಂದು ಗೆಲುವು, ಎಂದರೆ ವರ್ಷಕ್ಕೆ ಹೆಚ್ಚುಕಡಮೆ ಒಂದೇ ಸಲ, ಅದೂ ಅದೃಷ್ಟವಿದ್ದರೆ. ಆದುದರಿಂದ ಸಣ್ಣ ಗಣಿಗಾರರೆಲ್ಲ ಒಂದು ‘ಪೂಲ್’ ಸೇರಿ, ಯಾರು ಗೆದ್ದರೂ ದುಡಿಮೆಯ ಪ್ರಮಾಣಕ್ಕೆ ತಕ್ಕಂತೆ ಹಂಚಿಕೊಳ್ಳುತ್ತಾರೆ. ನಮ್ಮ ಹೆಂಗಸರ ಚೀಟಿಯಂತೆಯೇ. ಪೂಲ್ ನಡೆಸುವವನು ನೂರಕ್ಕೆ ಒಂದರಷ್ಟು ಕಸರು ಹಿಡಿದುಕೊಳ್ಳುವುದೂ ಹಾಗೆಯೇ.

ಖರ್ಚು? ಒಂದೊಂದು ಕಾರ್ಡಿಗೆ 130 ವ್ಯಾಟಿನಂತೆ, ಉಳಿದ ಅಂಗಗಳೂ ಸೇರಿ ಒಟ್ಟು 900 ವ್ಯಾಟ್. ದಿನದ ಇಪ್ಪತ್ತನಾಲ್ಕು ಗಂಟೆಯೂ ಓಡಿದರೆ 21.6 ಯೂನಿಟ್, ತಿಂಗಳಿಗೆ ಸುಮಾರು 650. ಬಳಕೆ ಹೆಚ್ಚಿದಷ್ಟೂ ಗೃಹಬಳಕೆಯ ದರ ಏರುವ ಹಂತಗಳು ಆಗ ಇದ್ದವು. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೂ 5,200. ಯಂತ್ರಕ್ಕೆ ಹಾಕುವ ಬಂಡವಾಳ 5 ಲಕ್ಷದ 10 ಸಾವಿರ. ತ್ರೈರಾಶಿಕ ಮಾಡಿ: ಬೆಲೆ ಇಳಿಯದೆ, ಯಂತ್ರ ಕೆಡದೆ, ಜಗತ್ತಿನ ಗಣಿಗಾರರು ಇದ್ದಷ್ಟೇ ಇದ್ದರೆ ಅಸಲು ಬರುವುದಕ್ಕೆ ಹದಿಮೂರು ತಿಂಗಳು ಬೇಕು. ಹುಡುಗನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಆ ಮೂರು ‘ರೆ’ಗಳ ಮೇಲೆ ಕೂಡಿಸಿದ ಮೊತ್ತ ಅದು, ಅಷ್ಟೇ. ಅಂದು ನಾನು ಅದನ್ನೇ ಹೇಳಿ, ಮಗಳ ಹಣವನ್ನು ಮುಟ್ಟದೆ ಮಗನ ಸಂಬಳದಿಂದ ಒಂದೇ ಕಾರ್ಡಿನಿಂದ ಆರಂಭಿಸಬಾರದೇಕೆ ಎಂದೆ. ರಾಯರು ತಲೆದೂಗಿದರು, ವಾರದೊಳಗೆ ಠೇವಣಿ ಮುರಿಯಿತು. ಮಗನ ಕಣ್ಣಿನ ಹೊಳಪಿನ ಮುಂದೆ ನೆರೆಯವರ ಮಾತು ಎಷ್ಟು ನಡೆದೀತು?

ಯಂತ್ರ ಕಟ್ಟುವುದನ್ನು ನೋಡುವುದೇ ಒಂದು ಸೊಗಸು. ಅದನ್ನು ನಾನು ಹಗುರಾಗಿ ಕಾಣಲಾರೆ. ಎಸ್. ಪಿ. ರಸ್ತೆಯ ಅಂಗಡಿಗಳನ್ನು ಮೂರು ಶನಿವಾರ ಸುತ್ತಿ ಹುಡುಗ ಸಾಮಾನು ಕೂಡಿಸಿದ. ಆರು ಕಾರ್ಡುಗಳು ಒಂದೇ ಪೆಟ್ಟಿಗೆಯಲ್ಲಿ ಹಿಡಿಯಲಾರವು, ಹಿಡಿದರೂ ಬೆಂದುಹೋದಾವು. ಆದುದರಿಂದ ಅಲ್ಯುಮಿನಿಯಂ ಪಟ್ಟಿಗಳ ತೆರೆದ ಚೌಕಟ್ಟು. ಕೆಳಗಿನ ಅಟ್ಟದಲ್ಲಿ ಆರು ಸೀಳುಗಳುಳ್ಳ ಮದರ್‌ಬೋರ್ಡು, ಅದಕ್ಕೆ ಅತಿ ಅಗ್ಗದ ಪ್ರೊಸೆಸರು—ಘನಪಾಠಿಗೆ ಇಲ್ಲಿ ಕೆಲಸವಿಲ್ಲ—ಮೇಲಿನ ಅಟ್ಟದಲ್ಲಿ ಪಂಜರದ ಗಿಳಿಗಳಂತೆ ಸಾಲಾಗಿ ಕಾರ್ಡುಗಳು. ಎರಡು ಅಟ್ಟಗಳ ನಡುವೆ ‘ರೈಸರ್’ ಎಂಬ ಸಂಪರ್ಕಫಲಕಗಳೂ ಅವುಗಳ ನೀಲಿ ತಂತಿಗಳೂ. ಪಕ್ಕದಲ್ಲಿ ವಿದ್ಯುತ್ತನ್ನು ಹದಮಾಡಿ ಹಂಚುವ 1,200 ವ್ಯಾಟಿನ ‘ಪವರ್ ಸಪ್ಲೈ’. ಜೋಡಿಸಿ ಮುಗಿದ ಮೇಲೆಯೇ ನಿಜವಾದ ವಿದ್ಯೆ. ಕಾರ್ಡಿನ ಲೆಕ್ಕದ ಓಟವನ್ನು ತಗ್ಗಿಸಿ, ಸ್ಮೃತಿಯ ಓಟವನ್ನು ಹೆಚ್ಚಿಸಿ, ವೋಲ್ಟೇಜನ್ನು ಚೂರುಚೂರೇ ಇಳಿಸಿ, ಯಂತ್ರ ಮುಗ್ಗರಿಸುವ ಅಂಚಿನಿಂದ ಒಂದು ಹೆಜ್ಜೆ ಹಿಂದಕ್ಕೆ ನಿಲ್ಲಿಸಬೇಕು. ಕಾರ್ಖಾನೆಯವರು 200 ವ್ಯಾಟ್ ಎಂದು ಬರೆದ ಕಾರ್ಡು, ವೀಣೆಗೆ ಶ್ರುತಿ ಹಿಡಿದಂತೆ ಹೀಗೆ ಹದಕ್ಕೆ ತಂದಾಗ, 130ರಲ್ಲಿ ಅಷ್ಟೇ ಕೆಲಸ ಮಾಡಿತು. ಹುಡುಗ ಎರಡು ವಾರ ನಿದ್ದೆಗೆಟ್ಟು ಇದನ್ನು ಸಾಧಿಸಿದ.

ಅಪಾಯದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ರೈಸರ್ ಫಲಕಗಳೊಡನೆ, ಹಾರ್ಡ್ ಡಿಸ್ಕಿಗೆ ವಿದ್ಯುತ್ ಕೊಡುವ ‘ಸಾಟಾ’ ಎಂಬ ಚಪ್ಪಟೆ ಕೊಂಡಿಯ ತಂತಿಯನ್ನು ಕೊಡುವುದುಂಟು. ಆ ಕೊಂಡಿ ಹೊರಬಲ್ಲುದು 54 ವ್ಯಾಟ್. ಕಾರ್ಡು ಆ ದಾರಿಯಿಂದ 75 ವ್ಯಾಟಿನವರೆಗೂ ಎಳೆಯಬಹುದು. ಕೊಂಡಿ ಕರಗಿ ಹೊತ್ತಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ಹಾಗೆಯೇ, ಇಸ್ತ್ರಿಪೆಟ್ಟಿಗೆಗೆ 900 ವ್ಯಾಟ್ ಕೊಟ್ಟು ಬಾಳಿದ ಹಳೆಯ ಸಾಕೆಟ್ಟು ಈ ಯಂತ್ರಕ್ಕೂ ಬಾಳೀತೆಂದು ತಿಳಿಯಬಾರದು. ಇಸ್ತ್ರಿ ಹತ್ತು ನಿಮಿಷದ ಮಾತು. ಇದು ಹಗಲೂ ಇರುಳೂ, ಹಬ್ಬಕ್ಕೂ ರಜೆಯಿಲ್ಲದೆ.

ಮತ್ತು ಸೆಖೆ. 900 ವ್ಯಾಟ್ ವಿದ್ಯುತ್ತು ಒಳಗೆ ಹೋದರೆ 900 ವ್ಯಾಟ್ ಶಾಖ ಹೊರಗೆ ಬರಲೇಬೇಕು. ನಾಣ್ಯಕ್ಕೆ ತೂಕವಿಲ್ಲದಿದ್ದರೂ ಅದರ ಬಿಸಿಗೆ ಮರೆಯಿಲ್ಲ. ಜನವರಿಯ ಚಳಿಯಲ್ಲಿ ರಾಯರ ಮನೆಯವರು ಆ ಕೋಣೆಯಲ್ಲಿ ಒದ್ದೆಬಟ್ಟೆ ಹರವಿ ಸಂತೋಷಪಟ್ಟರು. ಏಪ್ರಿಲಿನಲ್ಲಿ ಆ ಕೋಣೆಗೆ ಕಾಲಿಡುವಂತಿರಲಿಲ್ಲ. ಅದು ಮಗಳು ಓದುತ್ತಿದ್ದ ಕೋಣೆ. ಅವಳು ಪುಸ್ತಕಗಳನ್ನು ಹೊತ್ತು ಹಜಾರಕ್ಕೆ ಬಂದಳು. ಪರೀಕ್ಷೆಗೆ ಹಜಾರದಲ್ಲೇ ಓದಿದಳು, ಹನ್ನೆರಡು ಫ್ಯಾನುಗಳ ಮೊರೆತದ ನಡುವೆ.

ಈಗ ಆ ಮೂರು ‘ರೆ’ಗಳಿಗೆ ಬರೋಣ. ಜಗತ್ತಿನ ಗಣಿಗಾರರು ಇದ್ದಷ್ಟೇ ಇರಲಿಲ್ಲ. 2021ರ ಆರಂಭದಲ್ಲಿ ಸುಮಾರು 3 ಕೋಟಿ ಕೋಟಿಯಷ್ಟಿದ್ದ ಜಗತ್ತಿನ ಬೀಸಾಟ ಅದೇ ವರ್ಷದ ಕೊನೆಗೆ ಮೂರು ಪಟ್ಟಾಗಿತ್ತು. 2022ರ ಮೇ ಹೊತ್ತಿಗೆ 10 ಕೋಟಿ ಕೋಟಿಯನ್ನೂ ದಾಟಿತು. ಯಂತ್ರಗಳು ಹೆಚ್ಚಿದರೆ ನಾಣ್ಯಗಳು ಹೆಚ್ಚುವುದಿಲ್ಲ. ಪುಟಕ್ಕೆ ಬೇಕಾದ ಸಂಖ್ಯೆ ಸಿಕ್ಕುವುದು ಸುಲಭವಾಗುತ್ತಿದೆಯೆಂದು ಕಂಡೊಡನೆ ಜಾಲವು ತಾನೇ ಮಿತಿಯನ್ನು ಬಿಗಿಮಾಡಿ ಲೆಕ್ಕವನ್ನು ಕಠಿನಗೊಳಿಸುತ್ತದೆ. ಕೋಲಾರದ ಗಣಿಯೊಡನೆ ಹೋಲಿಸಿದರೆ ಇದು ತಿಳಿಯುತ್ತದೆ. ಅದೂ ವಿದ್ಯುತ್ತನ್ನು ಉಂಡ ಗಣಿಯೇ; 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಅಲ್ಲಿಗೆ. ಆದರೆ ಅಲ್ಲಿ ಆಳುಗಳು ಹೆಚ್ಚಿದರೆ ಅದುರೂ ಹೆಚ್ಚು ಬರುತ್ತಿತ್ತು. ಗಣಿ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕಿಳಿದು, ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿ, ಅದು 2001ರ ಫೆಬ್ರವರಿ 28ರಂದು ಮುಚ್ಚಿತು. ಮನೆಗಣಿಯಲ್ಲಿ ನೆಲ ಆಳವಾಗುವುದಿಲ್ಲ. ಪಕ್ಕದವನು ಒಂದು ಗುದ್ದಲಿ ಹಿಡಿದನೆಂದರೆ ನಿಮ್ಮ ಪಾಲಿನ ಚಿನ್ನವೇ ಕರಗುತ್ತದೆ. ನೀವು ಎರಡು ಗುದ್ದಲಿ ಹಿಡಿದರೆ ಅವನ ಪಾಲಿನದು.

ಗುದ್ದಲಿ ಮಾರಿದವರಿಗೆ ಮಾತ್ರ ಈ ಕಷ್ಟವಿರಲಿಲ್ಲ. 3060 ಟಿಐ ಕಾರ್ಡಿಗೆ 2020ರ ಡಿಸೆಂಬರಿನಲ್ಲಿ ಕಂಪೆನಿ ಇಟ್ಟ ಬೆಲೆ 399 ಡಾಲರ್. ನಮ್ಮ ಹುಡುಗ ಎರಡನೆಯ ಕೈಯಿಂದ ಕೊಂಡದ್ದು ಒಂದೊಂದಕ್ಕೆ 75 ಸಾವಿರ ರೂಪಾಯಿ ತೆತ್ತು. ಹೊಸದನ್ನು ಬಿಟ್ಟು ಹಳೆಯದನ್ನು ಕೊಂಡದ್ದೇಕೆ? ಆಟವಾಡುವವರಿಗೆ ಕಾರ್ಡು ಸಿಕ್ಕದೆ ಕೂಗೆದ್ದುದರಿಂದ, ಎನ್‌ವಿಡಿಯಾ 2021ರ ಫೆಬ್ರವರಿಯಿಂದ ತನ್ನ ಹೊಸ ಕಾರ್ಡುಗಳಿಗೆ, ಈಥರ್ ಬೀಸುವಾಗ ವೇಗ ಅರ್ಧಕ್ಕಿಳಿಯುವಂತೆ ಬೀಗ ಹಾಕತೊಡಗಿತ್ತು. ತಮಾಷೆಯೆಂದರೆ, ಮುಂದಿನ ತಿಂಗಳೇ ಆ ಬೀಗವನ್ನು ತೆರೆಯುವ ತಂತ್ರಾಂಶವೊಂದನ್ನು ಕಂಪೆನಿ ತಾನೇ ಕಣ್ತಪ್ಪಿನಿಂದ ಹೊರಬಿಟ್ಟಿತು. ಹೇಗೂ ಬೀಗವಿಲ್ಲದ ಹಳೆಯ ಕಾರ್ಡಿಗೆ ಹೊಸದಕ್ಕಿಂತ ಮೇಲಾದ ಬೆಲೆ ಬಂದಿತು. 2022ರ ಮೇ ತಿಂಗಳಲ್ಲಿ ಅದೇ ಕಂಪೆನಿ, ತನ್ನ ಹಿಂದಿನ ಮಾರಾಟದ ಏರಿಕೆಯಲ್ಲಿ ಗಣಿಗಾರರ ಕೈವಾಡವೆಷ್ಟೆಂಬುದನ್ನು ಷೇರುದಾರರಿಗೆ ಸರಿಯಾಗಿ ತಿಳಿಸಲಿಲ್ಲವೆಂಬ ಆಪಾದನೆಯ ಮೇಲೆ, ತಪ್ಪನ್ನು ಒಪ್ಪದೆ ಅಲ್ಲಗಳೆಯದೆ, ಅಮೆರಿಕದ ಷೇರುಪೇಟೆ ನಿಯಂತ್ರಕರಿಗೆ 55 ಲಕ್ಷ ಡಾಲರ್ ದಂಡ ತೆತ್ತಿತು.

ಬೆಲೆ ಇಳಿಯದಿರಲಿಲ್ಲ. 2022ರ ಜೂನಿನಲ್ಲಿ ಈಥರ್ ಸಾವಿರ ಡಾಲರಿನ ಆಸುಪಾಸಿಗೆ ಬಿದ್ದಿತು. ತಿಂಗಳಿಗೆ 45 ಸಾವಿರ ಎಂದಿದ್ದುದು 12 ಸಾವಿರದ ಹತ್ತಿರ ಬಂದು ನಿಂತಿತು. ವಿದ್ಯುತ್ ಬಿಲ್ಲು ಮಾತ್ರ ಕದಲಲಿಲ್ಲ. ಬೆಲೆ ಮತ್ತೆ ಏರಲೆಂದು ಹುಡುಗ ಬಂದ ನಾಣ್ಯವನ್ನು ಮಾರದೆ ಕೂಡಿಟ್ಟ.

ಆದರೆ ನಾನು ಹೇಳಲು ಹೊರಟ ಮುಖ್ಯ ಸಂಗತಿ ಬೆಲೆಯೂ ಅಲ್ಲ, ಸ್ಪರ್ಧೆಯೂ ಅಲ್ಲ. ಇಥೀರಿಯಂ ಗಣಿ ಒಂದು ದಿನ ಮುಚ್ಚುವುದೆಂಬ ಮಾತು ಅದರ ಜಾತಕದಲ್ಲಿಯೇ ಬರೆದಿತ್ತು. ಬೀಸುವುದನ್ನು ಬಿಟ್ಟು ಬೇರೊಂದು ಪದ್ಧತಿಗೆ—ನಾಣ್ಯವನ್ನು ಠೇವಣಿಯಾಗಿ ಇಟ್ಟವರಲ್ಲಿ ಒಬ್ಬರನ್ನು ಚೀಟಿ ಎತ್ತಿ ಆರಿಸಿ ಪುಟ ಬರೆಸುವ ಪದ್ಧತಿಗೆ—ಮಾರ್ಪಡುವ ಉದ್ದೇಶವನ್ನು ಅದನ್ನು ಕಟ್ಟಿದವರು ಮೊದಲಿನಿಂದಲೂ ಸಾರಿದ್ದರು. ಅಷ್ಟೇ ಅಲ್ಲ, ಗಣಿಗಾರರು ಆ ಮಾರ್ಪಾಟನ್ನು ತಡೆಯಬಾರದೆಂದು, ಕಾಲಕ್ರಮದಲ್ಲಿ ಲೆಕ್ಕ ಅಸಾಧ್ಯವಾಗಿ ಗಣಿ ತಾನೇ ಸ್ತಬ್ಧವಾಗುವಂಥ ‘ಡಿಫಿಕಲ್ಟಿ ಬಾಂಬ್’ ಒಂದನ್ನು 2015ರ ಸೆಪ್ಟೆಂಬರಿನಲ್ಲೇ ನಿಯಮಗಳಲ್ಲಿ ಹೂತಿಟ್ಟಿದ್ದರು. ಹೊಸ ಪದ್ಧತಿ ಸಿದ್ಧವಾಗುವುದು ತಡವಾದಂತೆಲ್ಲ ಬಾಂಬಿನ ಗಳಿಗೆಯನ್ನು ಮುಂದೂಡಿದರು: 2017ರಲ್ಲಿ ಒಮ್ಮೆ, 2019ರಲ್ಲಿ ಒಮ್ಮೆ, 2020ರ ಜನವರಿಯಲ್ಲಿ, 2021ರಲ್ಲಿ ಎರಡು ಸಲ, 2022ರ ಜೂನಿನಲ್ಲಿ ಕೊನೆಯದಾಗಿ. ‘ಹುಲಿ ಬಂತು ಹುಲಿ’ ಎಂದು ಕೂಗಿದ ಹುಡುಗನ ಕತೆಯಂತಾಯಿತು. ಇದೂ ಮುಂದಕ್ಕೆ ಹೋಗುವುದೆಂದು ಗಣಿಗಾರರು ನಿಶ್ಚಿಂತರಾದರು. ಹುಲಿ ನಿಜವಾಗಿಯೂ ಕಾಡಿನಿಂದ ಹೊರಟಿತ್ತು. ಹೊಸ ಪದ್ಧತಿಯ ಖಾತೆಪುಸ್ತಕ 2020ರ ಡಿಸೆಂಬರ್ 1ರಿಂದಲೇ ಪಕ್ಕದಲ್ಲಿ ಓಡತೊಡಗಿತ್ತು. ರಾಯರ ಮಗ ಲೆಕ್ಕದ ಹಾಳೆ ಹಿಡಿದು ನಮ್ಮ ಜಗಲಿಗೆ ಬಂದದ್ದು ಅದಾದ ಒಂದು ವರ್ಷದ ಮೇಲೆ. ಅವನಿಗೆ ಇದು ತಿಳಿಯದೆ ಇರಲಿಲ್ಲ. “ಅದೆಲ್ಲ ಆರು ವರ್ಷದಿಂದ ಹೇಳ್ತಾನೇ ಇದಾರೆ ಸಾರ್,” ಎಂದಿದ್ದ.

2022ರ ಸೆಪ್ಟೆಂಬರ್ 15ರಂದು, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆ ಹನ್ನೆರಡು ನಿಮಿಷಕ್ಕೆ, ಹಳೆಯ ಪುಸ್ತಕ ಹೊಸದರಲ್ಲಿ ಲೀನವಾಯಿತು. ಇಂಗ್ಲಿಷಿನಲ್ಲಿ ಅದನ್ನು ‘ಮರ್ಜ್’ ಎಂದರು. ಜಾಲದ ವಿದ್ಯುತ್ ಬಳಕೆ ಅಂದಿನಿಂದ ನೂರಕ್ಕೆ 99.95ರಷ್ಟು ಇಳಿಯಿತೆಂದು ಇಥೀರಿಯಂ ಪ್ರತಿಷ್ಠಾನದ ಅಂದಾಜು. ಇಡೀ ಜಗತ್ತಿನ ಕಾರ್ಡುಗಳು ಒಂದೇ ಗಳಿಗೆಯಲ್ಲಿ ನಿರುದ್ಯೋಗಿಗಳಾದವು. ಇಥೀರಿಯಂ ಕ್ಲಾಸಿಕ್, ರೇವನ್‌ಕಾಯಿನ್ ಮುಂತಾದ ಚಿಕ್ಕಪುಟ್ಟ ನಾಣ್ಯಗಳ ಗಣಿಗಳಿಗೆ ಅವೆಲ್ಲ ಒಟ್ಟಿಗೆ ನುಗ್ಗಿದ್ದರಿಂದ, ಅಲ್ಲಿ ನಮ್ಮ ದರದ ವಿದ್ಯುತ್ತಿನ ಖರ್ಚೂ ಹುಟ್ಟದಂತಾಯಿತು.

ರಾಯರ ಮನೆಯ ಲೆಕ್ಕ ಇಷ್ಟು. ಒಂಬತ್ತು ತಿಂಗಳಲ್ಲಿ ಬಂದದ್ದು ಸುಮಾರು 1.35 ಈಥರ್, ಅಂದಿನ ಬೆಲೆಯಲ್ಲಿ 1 ಲಕ್ಷದ 60 ಸಾವಿರದಷ್ಟು. ವಿದ್ಯುತ್ತಿಗೆ ಹೋದದ್ದು 47 ಸಾವಿರ. ಮಾರುಕಟ್ಟೆಗೆ ಎಲ್ಲ ಕಡೆಯ ಕಾರ್ಡುಗಳೂ ಒಟ್ಟಿಗೆ ಬಂದು ಸುರಿದುದರಿಂದ 75 ಸಾವಿರದ ಕಾರ್ಡು 25 ಸಾವಿರಕ್ಕೆ ಹೋಯಿತು. ಎಲ್ಲ ಕೂಡಿ ಕಳೆದರೆ ನಷ್ಟ ಎರಡೂವರೆ ಲಕ್ಷದ ಹತ್ತಿರ. ಮಗಳು ಎಂಎಸ್ಸಿಗೆ ಸೇರಿದ್ದು ಒಂದು ವರ್ಷ ತಡವಾಗಿ. ಆ ಒಂದು ವರ್ಷ ಖಾಸಗಿ ಶಾಲೆಯಲ್ಲಿ ಪಾಠ ಹೇಳಿ ಶುಲ್ಕಕ್ಕೆ ಕೂಡಿಸಿಕೊಂಡಳು, ಉಳಿದುದನ್ನು ಅಣ್ಣ ಸಂಬಳದಿಂದ ತುಂಬಿದ. ಮನೆಯಲ್ಲಿ ಯಾರೂ ಆ ಮಾತೆತ್ತುವುದಿಲ್ಲ.

ಇದರ ಮೇಲೆ ತೆರಿಗೆಯ ಸಂಗತಿಯೊಂದಿದೆ. ಲೆಕ್ಕ ಹಾಕುವ ತರುಣರು ಇದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತಾರೆ. 2022ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಇಂಥ ನಾಣ್ಯಗಳನ್ನು ಕೊಟ್ಟು ಪಡೆದ ಲಾಭಕ್ಕೆ ನೂರಕ್ಕೆ 30ರ ತೆರಿಗೆ. ಕೊಂಡ ಬೆಲೆಯೊಂದನ್ನುಳಿದು ಬೇರೆ ಖರ್ಚನ್ನು ಕಳೆಯುವಂತಿಲ್ಲ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಿಂದ ತುಂಬಿಕೊಳ್ಳುವಂತಿಲ್ಲ. ಗಣಿಗಾರಿಕೆಯ ಯಂತ್ರಸಾಮಗ್ರಿಗೆ ಹಾಕಿದ ಹಣ ‘ಕೊಂಡ ಬೆಲೆ’ ಎನಿಸುವುದಿಲ್ಲವೆಂದು ಅದೇ ವರ್ಷದ ಮಾರ್ಚಿನಲ್ಲಿ ಹಣಕಾಸು ಖಾತೆಯ ರಾಜ್ಯಸಚಿವರು ಲೋಕಸಭೆಯಲ್ಲಿ ಸ್ಪಷ್ಟಪಡಿಸಿದರು. ಎಂದರೆ ಐದು ಲಕ್ಷದ ಯಂತ್ರ ನಿಮ್ಮ ಪಾಲಿಗೆ ಖರ್ಚು. ತೆರಿಗೆಯವರ ಪಾಲಿಗೆ ಅದು ಇಲ್ಲವೇ ಇಲ್ಲ.

ಈಗ ಕಾಗದ ಬರೆದ ಮಹನೀಯರಿಗೆ. ಬಿಟ್‌ಕಾಯಿನ್ ಗಣಿ ಇಂದಿಗೂ ನಡೆಯುತ್ತಿದೆ. ಆದರೆ ಪುಟಕ್ಕೆ 50 ಇದ್ದ ಸಂಭಾವನೆ ನಾಲ್ಕು ಸಲ ಅರ್ಧವಾಗಿ 2024ರ ಏಪ್ರಿಲಿನಿಂದ 3.125ಕ್ಕೆ ಇಳಿದಿದೆ, ಅಲ್ಲಿ ದುಡಿಯುವುವು ಮೂರು ಮೂರೂವರೆ ಸಾವಿರ ವ್ಯಾಟ್ ನುಂಗುವ, ಮಿಕ್ಸಿಯಂತೆ ಅರಚುವ ವಿಶೇಷ ಯಂತ್ರಗಳು, ಅವೂ ವಿದ್ಯುತ್ತು ಅತಿ ಅಗ್ಗವಾಗಿರುವ ದೇಶಗಳಲ್ಲಿ. ಗ್ರಾಫಿಕ್ಸ್ ಕಾರ್ಡಿನಿಂದ ಮನೆಯಲ್ಲಿ ಬಗೆಯಬಹುದಾದ ಗಣಿ ನಮ್ಮ ವಿದ್ಯುತ್ ದರದಲ್ಲಿ ಉಳಿದಿಲ್ಲ. ಭವಿಷ್ಯನಿಧಿಯನ್ನು ಮುಟ್ಟಬೇಡಿ. ಮಗನ ಕೈಗೆ ಕೆಲಸ ಬೇಕಿದ್ದರೆ ಎರಡನೆಯ ಕೈಯಿಂದ ಒಂದೇ ಒಂದು ಕಾರ್ಡು ಕೊಡಿಸಿ. ಅದೇ 4,864 ಮಕ್ಕಳ ಸಾಲು ಇಂದು ಕೃತಕ ಬುದ್ಧಿಮತ್ತೆಯ ಪಾಠಗಳಿಗೂ ಬೇಕಾಗಿದೆ, ಮತ್ತು ಅವನ ಓದಿಗೆ ಒದಗುವುದು ಅದೇ. ಗಣಿಯಲ್ಲಿ ದುಡಿದು ಬಂದ ಕಾರ್ಡಾದರೂ ಕೆಟ್ಟದ್ದೇ ಆಗಿರಬೇಕೆಂದಿಲ್ಲ. ಕೊಳ್ಳುವಾಗ ಫ್ಯಾನುಗಳನ್ನು ಕೈಯಿಂದ ತಿರುಗಿಸಿ ನೋಡಲಿ, ಅರ್ಧಗಂಟೆ ಪೂರ್ಣ ವೇಗದಲ್ಲಿ ಓಡಿಸಿ ಸ್ಮೃತಿಯ ಬಿಸಿಯನ್ನು ಅಳೆಯಲಿ. ಬಿಸಿ ಮಿತಿಮೀರಿದ್ದರೆ ಒಳಗಿನ ಶಾಖವಾಹಕ ಪಟ್ಟಿಗಳು ಒಣಗಿವೆಯೆಂದು ತಿಳಿದು, ಅವನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಲಿ.